ಬೆಡಿಗೊಂದು ಕನ್ನಡಕ

ಪುತ್ತೂರು ಸೀಮೆಯಲ್ಲಿ ಬೆಡಿ ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು, ತೋಟಕ್ಕೆ ಮಂಗ ಬಂದಾಗ ಒಳಕೋಣೆಯಿಂದ ಹೊರಗೆ ಬರುವ ಕೋವಿ. ಇನ್ನೊಂದು, ಏಪ್ರಿಲ್ 17ರ ರಾತ್ರಿ ಮಹಾಲಿಂಗೇಶ್ವರ ದೇವರ ಎದುರಿನ ಗದ್ದೆಯಿಂದ ಹಾರಿ ಆಕಾಶದಲ್ಲಿ ಹೂವಿನ ಹಾಗೆ ಒಡೆಯುವ ಸಿಡಿಮದ್ದು. ಎರಡನೆಯದನ್ನು ನೋಡಲು ಬೊಂಬಾಯಿಯಲ್ಲಿದ್ದವರೂ ರಜೆ ಹಾಕಿ ಊರಿಗೆ ಬರುತ್ತಾರೆ. ಮೊದಲನೆಯದನ್ನು ನೋಡಲು ಯಾರೂ ಬರುವುದಿಲ್ಲ. ಮಂಗಗಳೂ ಈಗೀಗ ಅದಕ್ಕೆ ಬೆಲೆ ಕೊಡುವುದಿಲ್ಲ.

ಈ ಎರಡೂ ಬೆಡಿಯನ್ನು ಒಟ್ಟಿಗೆ, ಒಂದೇ ಕಣ್ಣಿನಲ್ಲಿ ನಾನು ನೋಡಿದ್ದು ಸಂಪಾಜೆಯಲ್ಲಿ, ಭಾವನ ಮನೆಯ ಅಂಗಳದಲ್ಲಿ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಅವರ ಕತೆಗೆ ಹೋಗುವ ಮೊದಲು ಸಂಪಾಜೆಯ ಕತೆ ಸ್ವಲ್ಪ ಹೇಳಬೇಕು, ಯಾಕೆಂದರೆ ಸಂಪಾಜೆ ಎರಡುಂಟು. ಸುಳ್ಯದಿಂದ ಮಡಿಕೇರಿ ರಸ್ತೆ ಹಿಡಿದು ಅರಂತೋಡು ದಾಟಿದರೆ ಸಿಗುವುದು ದಕ್ಷಿಣ ಕನ್ನಡದ ಸಂಪಾಜೆ. ಇನ್ನೂ ಮುಂದೆ ಹೋದರೆ ಕೊಡಗಿನ ಸಂಪಾಜೆ, ಭಾವನದ್ದು ಅದು. ಹೊಳೆ ಒಂದೇ, ಪಯಸ್ವಿನಿ. ಮಳೆ ಒಂದೇ, ಅಡಿಕೆ ಒಂದೇ, ಮನೆಯೊಳಗಿನ ಅರೆಭಾಷೆಯೂ ಒಂದೇ. ಕೋವಿಯ ಕಾನೂನು ಮಾತ್ರ ಬೇರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದ ವಿನಾಯಿತಿ ಅದು, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಭಾವನ ಹಿರಿಯರಿಗೆ ಮಡಿಕೇರಿ ಹತ್ತಿರ ಜಮ್ಮಾ ಜಾಗ ಉಂಟು. ಹಾಗಾಗಿ ಅವರ .22 ರೈಫಲ್ ಮನೆಯ ಹಿರಿಯ ಮಗನ ಹಾಗೆ ಗತ್ತಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತದೆ.

ನನ್ನದು ಹಾಗಲ್ಲ. ನನ್ನದು ಅಪ್ಪನ ಕಾಲದ ಒಂಟಿ ನಳಿಗೆಯ ತೋಟೆಕೋವಿ, ಬೆಳೆ ರಕ್ಷಣೆಯ ಲೈಸೆನ್ಸಿನದ್ದು. ಚುನಾವಣೆ ಎಂದು ಪೇಪರಿನಲ್ಲಿ ಬಂದ ಕೂಡಲೇ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಹೊರಬೇಕು, ರಶೀದಿ ತಂದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಬೇಕು. ಪಂಚಾಯತ್, ವಿಧಾನಸಭೆ, ಲೋಕಸಭೆ ಎಂದು ಲೆಕ್ಕ ಹಾಕಿದರೆ ನನ್ನ ಕೋವಿಗೆ ನನಗಿಂತ ಹೆಚ್ಚು ರಾಜಕೀಯದ ಅನುಭವ ಉಂಟು. ನಾವು ಠೇವಣಿ ಇಟ್ಟ ಸುದ್ದಿ ಹಂದಿಗಳಿಗೆ ಯಾರು ಮುಟ್ಟಿಸುತ್ತಾರೋ, ಬಾಳೆಯ ಬುಡ ಅಗೆಯುವುದಕ್ಕೆ ಅದೇ ವಾರ ಬರುತ್ತವೆ. ಸುಳ್ಯ, ಪುತ್ತೂರು, ಕಡಬದ ಕೃಷಿಕರು ಇದಕ್ಕಾಗಿ ಮನವಿ ಕೊಟ್ಟು ಕೊಟ್ಟು ಸುಸ್ತಾಗಿದ್ದಾರೆ.

ಹಾಗೆ ನೋಡಿದರೆ ನಾವೂ ಒಂದು ಕಾಲಕ್ಕೆ ಕೊಡಗಿನವರೇ. ಅಮರಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ನುಂಗಿದಾಗ ಇವನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಹಾಗೆ ಮಾಡದೆ ಇದ್ದಿದ್ದರೆ ನನ್ನ ಕೋವಿಯೂ ಇವತ್ತು ಗೋಡೆಗೆ ಒರಗಿ ನಿಂತಿರುತ್ತಿತ್ತೋ ಏನೋ ಎಂದು ಭಾವನ ಎದುರು ಒಮ್ಮೆ ನಿಟ್ಟುಸಿರು ಬಿಟ್ಟೆ. ಅವರು ವೀಳ್ಯಕ್ಕೆ ಸುಣ್ಣ ಹಚ್ಚುತ್ತಾ ಹೇಳಿದರು: “ಸೇರಿಸಿದ ಮೂರೇ ವರ್ಷಕ್ಕೆ ದಂಡು ಕಟ್ಟಿಕೊಂಡು ಮಂಗಳೂರಿಗೆ ಹೋಗಿ ಬಾವುಟ ಹಾರಿಸಿದವರು ನೀವು. ನಿಮ್ಮ ಕೈಗೆ ಯಾವ ಸರ್ಕಾರ ಲೈಸೆನ್ಸ್ ಇಲ್ಲದೆ ಕೋವಿ ಕೊಡ್ತದೆ ಭಾವ?” 1837ರ ಆ ದಂಡಿನ ಮೇಲೆ ನಮಗಿರುವ ಹೆಮ್ಮೆಗೆ ಇಂಥದ್ದೊಂದು ಬಾಕಿ ಲೆಕ್ಕ ಇದ್ದೀತು ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಇರಲಿ. ಭಾವನ ಕಷ್ಟ ಬೇರೆಯದು. ಕೈಲು ಮುಹೂರ್ತದ ಹೊತ್ತಿಗೆ ಆ ಕಡೆ ಕೋವಿಗೆ ತೋಕ್ ಹೂ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಇಪ್ಪತ್ತು ವರ್ಷ ಭಾವ ಅದರಲ್ಲಿ ಕಾಯಿ ಒಡೆದವರು. ಅರುವತ್ತಾರು ತುಂಬಿದ ವರ್ಷ ಮೂರು ಈಡಿನಲ್ಲಿ ಮೂರೂ ತಪ್ಪಿತು. ಕೈ ನಡುಗಿದ್ದಲ್ಲ, ಉಸಿರು ತಪ್ಪಿದ್ದಲ್ಲ. ಕಂಡದ್ದೇ ಸರಿ ಇಲ್ಲ.

ಹಳೆಯ ಕೋವಿಯ ಗುರಿ ಎಂದರೆ ಮೂರು ವಸ್ತುಗಳ ಲೆಕ್ಕ. ಕಣ್ಣಿನ ಹತ್ತಿರ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮಣಿ, ಆಚೆ ತೆಂಗಿನಕಾಯಿ. ಮೂರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಬೇಕು. ಇಪ್ಪತ್ತರ ಹರೆಯದ ಕಣ್ಣು ಹತ್ತಿರಕ್ಕೂ ದೂರಕ್ಕೂ ಕ್ಷಣದಲ್ಲಿ ಓಡಾಡಿ ಮೂರನ್ನೂ ಕಂಡ ಹಾಗೆ ಮಾಡುತ್ತದೆ. ನಲುವತ್ತೈದು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಟ್ಟಿಯಾಗಿ ಓಡಾಟ ನಿಲ್ಲಿಸುತ್ತದೆ. ಮಣಿ ಕಂಡರೆ ಕಾಯಿ ಮಂಜು, ಕಾಯಿ ಕಂಡರೆ ಮಣಿ ಮಂಜು. ಓದುವ ಕನ್ನಡಕ ಹಾಕಿದರೆ ಕಚ್ಚು ಚಂದ ಕಾಣುತ್ತದೆ, ಅದನ್ನು ನೋಡಿ ಮಾಡುವುದೇನು? ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹಣೆಗೆ ಏರಿಸಿ, ಕೊನೆಗೆ ಜೇಬಿಗೆ ಹಾಕಿ ಹೊಡೆದದ್ದನ್ನು ಊರೆಲ್ಲ ನೋಡಿದೆ.

ಅವರ ಅಣ್ಣನ ಮಗ ಬೆಂಗಳೂರಿನಲ್ಲಿರುವವನು, ಯಾರಿಂದಲೋ ಕೇಳಿಕೊಂಡು ಒಂದು ರೆಡ್ ಡಾಟ್ ತಂದು ಕೋವಿಗೆ ಹಾಕಿದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಬ್ಯಾಟರಿ, ಒಂದು ಸಣ್ಣ ಕೆಂಪು ದೀಪ. ದೀಪದ ಬೆಳಕು ಗಾಜಿಗೆ ತಾಗಿ ಕಣ್ಣಿಗೆ ಬರುವಾಗ ಕೆಂಪು ಚುಕ್ಕಿಯೊಂದು ದೂರದ ಕಾಯಿಯ ಮೇಲೆಯೇ ಕೂತ ಹಾಗೆ ಕಾಣುತ್ತದೆ. ಕಚ್ಚಿಲ್ಲ, ಮಣಿಯಿಲ್ಲ, ಚುಕ್ಕಿ ಇದ್ದಲ್ಲಿ ಗುಂಡು. ಭಾವ ನೋಡಿ, “ಚುಕ್ಕಿ ಎಲ್ಲಿ ಉಂಟು ಮಾರಾಯ, ಇದು ಜೇಡ” ಎಂದರು. ಹುಡುಗ ನನ್ನ ಕೈಗೆ ಕೊಟ್ಟ. ತೋಟೆ ಇಲ್ಲ ಎಂದು ಮೂರು ಸಲ ತೆರೆದು ನೋಡಿ, ನಾನೂ ಕಣ್ಣಿಟ್ಟೆ. ಜೇಡವಲ್ಲ. ನಡುವಿನಿಂದ ನಾಲ್ಕೂ ಕಡೆಗೆ ಕೆಂಪು ಬಾಲಗಳು ಚಿಮ್ಮಿ, ತುದಿಯಲ್ಲಿ ಒಡೆದು... ಅದು ಸಾಕ್ಷಾತ್ ಪುತ್ತೂರು ಬೆಡಿ! ದೇವರಮಾರು ಗದ್ದೆಯಲ್ಲಿ ನಿಂತು ಕತ್ತೆತ್ತಿದ ಹಾಗೆಯೇ ಆಯಿತು.

ವಸ್ತು ಹಾಳು ಎಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಹುಡುಗ ಮೊಬೈಲನ್ನು ಅದೇ ಗಾಜಿನ ಹಿಂದೆ ಹಿಡಿದು ಒಂದು ಫೋಟೋ ತೆಗೆದ. ಫೋಟೋದಲ್ಲಿ ಕುಂಕುಮದ ಬೊಟ್ಟಿನಷ್ಟು ಅಚ್ಚುಕಟ್ಟಾದ ಚುಕ್ಕಿ. ಹಾಳಾದದ್ದು ನಮ್ಮ ಕಣ್ಣು. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಒಂದು ನಂಬ್ರ ಬರೆಯುತ್ತಾರಲ್ಲ, ಅದು ಇದ್ದವರ ಕಣ್ಣಿನ ಎದುರಿನ ಪಾರದರ್ಶಕ ಪೊರೆ ಎಲ್ಲ ಕಡೆಗೂ ಒಂದೇ ರೀತಿ ದುಂಡಗಿರುವುದಿಲ್ಲ. ಒಂದು ಕಡೆ ಹೆಚ್ಚು ಬಾಗು, ಇನ್ನೊಂದು ಕಡೆ ಕಡಿಮೆ. ಬೆಳಗುವ ಚುಕ್ಕಿ ಅಂಥ ಕಣ್ಣಿಗೆ ಚುಕ್ಕಿಯಾಗಿ ಉಳಿಯುವುದಿಲ್ಲ. ರೆಡ್ ಡಾಟ್ ತೆಗೆದುಕೊಳ್ಳುವ ಅರುವತ್ತರ ಆಸುಪಾಸಿನವರು ಹಣ ಕೊಡುವ ಮೊದಲು ಈ ಮೊಬೈಲ್ ಪರೀಕ್ಷೆ ಮಾಡಿ ನೋಡಬಹುದು. ಖರ್ಚಿಲ್ಲ.

ಆಗ ಬಂದದ್ದು ಪ್ರಿಸಂ ಸ್ಕೋಪಿನ ಮಾತು. ದುರ್ಬೀನು ಯಾವುದೇ ಇರಲಿ, ಎರಡು ಉಬ್ಬು ಗಾಜು ಎದುರುಬದುರು ಇಟ್ಟರೆ ಒಳಗೆ ಚಿತ್ರ ತಲೆಕೆಳಗಾಗುತ್ತದೆ. ನಕ್ಷತ್ರ ನೋಡುವವನಿಗೆ ಚಿಂತೆಯಿಲ್ಲ. ಕಾಯಿ ಹೊಡೆಯುವವನಿಗೆ ಬಲಕ್ಕೆ ಹೋದರೆ ಎಡಕ್ಕೆ ಕಂಡೀತು. ಸಾಮಾನ್ಯ ಉದ್ದ ಸ್ಕೋಪಿನಲ್ಲಿ ಚಿತ್ರವನ್ನು ನೆಟ್ಟಗೆ ಮಾಡಲು ನಡುವೆ ಇನ್ನೂ ಒಂದು ಜೊತೆ ಗಾಜು ಇಡುತ್ತಾರೆ, ಅದಕ್ಕೇ ಅದು ಒಂದಡಿ ಕೊಳವೆ. ಪ್ರಿಸಂ ಸ್ಕೋಪಿನಲ್ಲಿ ಆ ಕೆಲಸವನ್ನು ಮೂಲೆ ಮೂಲೆ ಕಡಿದ ಗಾಜಿನ ತುಂಡು ಮಾಡುತ್ತದೆ. ಬೆಳಕು ಅದರೊಳಗೆ ಗೋಡೆಯಿಂದ ಗೋಡೆಗೆ ತಾಗಿ ಮಡಚಿಕೊಂಡು, ಬರುವಷ್ಟರಲ್ಲಿ ಚಿತ್ರ ನೆಟ್ಟಗೆ. ಕೊಳವೆ ಅರ್ಧಕ್ಕೂ ಕಡಿಮೆ, ಅಂಗೈ ಮೇಲೆ ಕೂರುವಷ್ಟು. ಹೊಸ ವಿದ್ಯೆಯೇನೂ ಅಲ್ಲ. ಇಟಲಿಯ ಪೊರ್ರೊ 1854ರಲ್ಲೇ ಈ ಬಗೆಯ ಪ್ರಿಸಂ ಜೋಡಣೆಗೆ ಪೇಟೆಂಟ್ ಪಡೆದಿದ್ದ. ಜರ್ಮನಿಯ ಝೈಸ್ ಕಂಪನಿ 1894ರಲ್ಲಿ ಅದನ್ನು ಜೋಡು ದುರ್ಬೀನಿಗೆ ಇಳಿಸಿತು. ಕೋವಿಗೂ ಅದು ಬಂತು. ಅಮೆರಿಕದ ಟ್ರಿಜಿಕಾನ್ ಕಂಪನಿ 1987ರಲ್ಲಿ ತಂದ ‘ಎಕಾಗ್’ ಅದರಲ್ಲಿ ಹೆಸರು ಮಾಡಿದ್ದು. ಭಾವ ತಾಳಮದ್ದಲೆಯ ಮನುಷ್ಯ, ನನ್ನ ಇಷ್ಟುದ್ದದ ವಿವರಣೆಯನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಮತ್ಸ್ಯಯಂತ್ರ. ಮೇಲಿನ ಮೀನನ್ನು ಕೆಳಗಿನ ನೀರಿನಲ್ಲಿ ನೋಡಿ ಹೊಡೆಯುವುದು. ಅರ್ಜುನನಿಗೆ ಬ್ಯಾಟರಿ ಬೇಕಾಗಿತ್ತಾ?”

ಬ್ಯಾಟರಿಯ ಮಾತೇ ಇಲ್ಲಿ ದೊಡ್ಡದು. ಪ್ರಿಸಂ ಸ್ಕೋಪಿನ ಗುರಿಗೆರೆಯನ್ನು ಗಾಜಿನ ಮೇಲೆಯೇ ಕೊರೆದಿರುತ್ತಾರೆ. ದೀಪ ಬೇಕಿದ್ದರೆ ಹಾಕಬಹುದು, ಬ್ಯಾಟರಿ ಸತ್ತರೂ ಕಪ್ಪು ಗೆರೆ ಇದ್ದೇ ಇರುತ್ತದೆ. ಜೊತೆಗೆ ಕಣ್ಣಿಡುವ ಕಡೆ ಒಂದು ತಿರುಗಣೆ ಇರುತ್ತದೆ, ನಿಮ್ಮ ಕಣ್ಣಿನ ನಂಬ್ರಕ್ಕೆ ಹೊಂದಿಸಿಕೊಳ್ಳುವುದಕ್ಕೆ. ಮೋಡದ ಕಡೆಗೋ ಬಿಳಿ ಗೋಡೆಗೋ ಹಿಡಿದು, ಗೆರೆ ಸೂಜಿಯ ಹಾಗೆ ಕಾಣುವವರೆಗೆ ತಿರುಗಿಸಿದರೆ ಆಯಿತು. ಕಾಯಿಯನ್ನು ನೋಡುತ್ತಾ ತಿರುಗಿಸಬಾರದು, ಕಣ್ಣು ಮೋಸ ಮಾಡುತ್ತದೆ. ಸಿಲಿಂಡರ್ ನಂಬ್ರವನ್ನು ಆ ತಿರುಗಣೆ ತಿದ್ದುವುದಿಲ್ಲ, ಆದರೆ ಕೊರೆದ ಕಪ್ಪು ಗೆರೆ ಬೆಳಗುವ ಚುಕ್ಕಿಯ ಹಾಗೆ ಚಿಮ್ಮುವುದೂ ಇಲ್ಲ. ಭಾವನಿಗೆ ಬೇಕಾದದ್ದು ಇಷ್ಟೇ.

ಪೇಟೆಯ ಕೋವಿ ಅಂಗಡಿಗೆ ನಾವಿಬ್ಬರೂ ಹೋದೆವು. ಮೇಜಿನ ಮೇಲೆ ಮೂರು ಬಂದು ಕೂತವು. ಒಂದು ಪಟ್ಟಿನದು, ಮೂರು ಪಟ್ಟಿನದು, ಐದು ಪಟ್ಟಿನದು. ಅಂಗಡಿಯ ಹುಡುಗ ಐದರ ಕಡೆಗೆ ನಮ್ಮನ್ನು ದೂಡುತ್ತಿದ್ದ, ದುಡ್ಡು ಅದಕ್ಕೇ ಹೆಚ್ಚು. ಭಾವನ ಕೈಯೂ ಅದರ ಮೇಲೆಯೇ. ಸ್ಪರ್ಧೆಯ ಕಾಯಿ ಇರುವುದು ಐವತ್ತು ಮೀಟರ್ ಒಳಗೆ. ಮೂರು ಪಟ್ಟಿನಲ್ಲಿ ಅದು ಹದಿನೇಳು ಮೀಟರಿನಲ್ಲಿ ಕಂಡ ಹಾಗೆ. ಅಷ್ಟು ಸಾಲದೆ? ಐದು ಪಟ್ಟಿಗೆ ಏರಿಸಿದರೆ ಕಾಯಿ ಮಾತ್ರ ದೊಡ್ಡದಾಗುವುದಲ್ಲ, ಎದೆಬಡಿತ, ಕೈ ನಡುಕ ಎಲ್ಲವೂ ಐದು ಪಟ್ಟು. ನಿಂತು ಹೊಡೆಯುವವನಿಗೆ ಕಾಯಿ ಮದುವೆ ಮನೆಯ ಬಲೂನಿನ ಹಾಗೆ ತೂಗಾಡುತ್ತದೆ. ಒಂದು ಪಟ್ಟಿನದು ದೊಡ್ಡದು ಮಾಡುವುದೇ ಇಲ್ಲ, ಗೆರೆ ಮಾತ್ರ ಕೊಡುತ್ತದೆ. ಹತ್ತಿರದ ಗುರಿಗೆ, ಎರಡೂ ಕಣ್ಣು ತೆರೆದು ಹೊಡೆಯುವವರಿಗೆ ಅದು ಚಂದ.

ಅಂಗಡಿಯ ಬಾಗಿಲಲ್ಲಿ ನಿಂತು ನಾನು ಒಂದು ಸಣ್ಣ ಪ್ರಯೋಗ ಮಾಡಿದೆ. ನೀವೂ ಮಾಡಬಹುದು. ಸ್ಕೋಪನ್ನು ಕಣ್ಣಿಗೆ ಇಡದೆ, ತೋಳು ಚಾಚಿ ಬೆಳಕಿನ ಕಡೆಗೆ ಹಿಡಿಯಿರಿ. ಹಿಂದಿನ ಗಾಜಿನಲ್ಲಿ ಕಪ್ಪಿನ ನಡುವೆ ಒಂದು ದುಂಡು ಬೆಳಕು, ಹೊಳೆಯುವ ಅಲಸಂಡೆ ಬೀಜದಷ್ಟು. ಅದರ ಮೇಲೆ ಮಕ್ಕಳ ಸ್ಕೇಲ್ ಇಟ್ಟು ಅಳೆದೆ. ಮೂರು ಪಟ್ಟಿನದರ ಮುಂಗಾಜು 24 ಮಿ.ಮೀ., ಬೆಳಕಿನ ದುಂಡು 8 ಮಿ.ಮೀ. ಐದರದ್ದು ಮುಂಗಾಜು 25, ದುಂಡು 5. ಮುಂಗಾಜನ್ನು ಪಟ್ಟಿನಿಂದ ಭಾಗಿಸಿದರೆ ಬರುವ ಲೆಕ್ಕ, ಶಾಲೆಯ ಮಕ್ಕಳೂ ಮಾಡುತ್ತಾರೆ. ದುಂಡು ಅಗಲ ಇದ್ದಷ್ಟೂ ಕಣ್ಣು ಚೂರು ಆಚೆ ಈಚೆ ಆದರೂ ಚಿತ್ರ ಕಪ್ಪಾಗುವುದಿಲ್ಲ. ಹಗಲಿನಲ್ಲಿ ನಮ್ಮ ಪಾಪೆ ಎರಡು ಮೂರು ಮಿ.ಮೀ. ಇದ್ದರೆ ಹೆಚ್ಚು, ಮುಸ್ಸಂಜೆಗೆ ಹಿಗ್ಗಿದರೂ ನಮ್ಮ ಪ್ರಾಯದವರದು ಐದರ ಆಚೆ ಹೋಗುವುದು ಕಷ್ಟ. ಅಂಗಡಿಯ ಹುಡುಗ ನಾನು ಸ್ಕೇಲ್ ಹಿಡಿದದ್ದನ್ನು ನೋಡಿ, ಬಟ್ಟೆ ಅಂಗಡಿಯಲ್ಲಿ ಪಂಚೆಯ ನೂಲು ಎಣಿಸುವವನನ್ನು ನೋಡಿದ ಹಾಗೆ ನೋಡಿದ.

ನನಗೂ ಆಸೆ ಹುಟ್ಟಿತು ಎಂದು ಒಪ್ಪಿಕೊಳ್ಳಬೇಕು. ನನ್ನ ಒಂಟಿ ನಳಿಗೆಗೂ ಒಂದು ಇದ್ದರೆ? ಭಾವ ಮಾತಾಡದೆ ಬೆರಳಿನಿಂದ ಹುಬ್ಬಿನ ಮೇಲೆ ಅರ್ಧಚಂದ್ರ ಎಳೆದು ತೋರಿಸಿದರು. ಪ್ರಿಸಂ ಸ್ಕೋಪಿನ ದೊಡ್ಡ ಕೊರತೆ ಅದೇ. ಕಣ್ಣನ್ನು ಅದಕ್ಕೆ ಎರಡು ಮೂರು ಇಂಚು ಹತ್ತಿರ ಇಡಬೇಕು. ಹೆಸರಾಂತ ಎಕಾಗಿನ ನಾಲ್ಕು ಪಟ್ಟಿನದಕ್ಕೆ ಒಂದೂವರೆ ಇಂಚೇ. .22ಕ್ಕೆ ಹಿಂದೊದೆತ ಎಂಬುದೇ ಇಲ್ಲ, ತೊಂದರೆಯಿಲ್ಲ. ಹನ್ನೆರಡು ಬೋರಿನ ತೋಟೆಗೆ ಹಾಗಲ್ಲ, ಅದು ಭುಜಕ್ಕೆ ಎಮ್ಮೆ ಹಾಯ್ದ ಹಾಗೆ ಗುದ್ದುತ್ತದೆ. ಲೋಹದ ಅಂಚು ಹುಬ್ಬಿಗೆ ಬಂದರೆ ಹೊಲಿಗೆ ಹಾಕಿಸಲು ಪುತ್ತೂರಿಗೆ ಓಡಬೇಕು.

ಅಲ್ಲದೆ ನನ್ನ ಕೋವಿಗೆ ಗುರಿ ಯಾಕೆ? ಮಂಗ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ, ಹಂದಿಯೂ 1972ರ ಕಾಯಿದೆಯೊಳಗೇ ಬರುತ್ತದೆ. ನಾವು ಹೊಡೆಯುವುದು ಆಕಾಶಕ್ಕೆ, ಶಬ್ದಕ್ಕಾಗಿ. ಆಕಾಶ ತಪ್ಪಿಸಿಕೊಂಡದ್ದುಂಟೇ? ನಮ್ಮ ನೆರೆಯ ಹುಡುಗನೊಬ್ಬ ಲೈಸೆನ್ಸ್ ಬೇಡದ .177 ಏರ್‌ಗನ್ನಿಗೆ ಸ್ಕೋಪ್ ಹಾಕಿದ್ದ, ಮೂರು ತಿಂಗಳಿಗೆ ಅದರೊಳಗಿನ ಗೆರೆ ಕಳಚಿ ಬಿತ್ತು. ಸ್ಪ್ರಿಂಗಿನ ಏರ್‌ಗನ್ ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ತಾಗಿದ ಕೂಡಲೇ ಮುಂದಕ್ಕೂ ಒದೆಯುತ್ತದೆ. ಹಿಂದೊದೆತಕ್ಕೆ ಮಾತ್ರ ಕಟ್ಟಿದ ಸ್ಕೋಪಿಗೆ ಮುಂದೊದೆತ ತಡೆಯುವುದಿಲ್ಲ. ನೋಡಲು ಆಟಿಕೆ, ಒಡೆಯುವುದರಲ್ಲಿ ಎಲ್ಲಕ್ಕಿಂತ ಮುಂದೆ.

ಮೂರು ಪಟ್ಟಿನದು ಎಂದು ನಿಶ್ಚಯವಾದ ಮೇಲೆ ಕೂರಿಸುವ ಗಲಾಟೆ. ಇಂಥ ಸ್ಕೋಪಿನ ಪಾದ ಅಗಲದ ಹಲ್ಲುಹಲ್ಲಿನ ಪಟ್ಟಿಗೆಂದು ಮಾಡಿದ್ದು. ಭಾವನ .22ಕ್ಕೆ ನಳಿಗೆಯ ಬುಡದಲ್ಲಿ ಇರುವುದು 11 ಮಿ.ಮೀ. ಅಗಲದ ಸಣ್ಣ ಜಾಡು. ನಡುವೆ ಒಂದು ಜೋಡಣೆ ಬೇಕು. ಅದು ಸ್ಕೋಪನ್ನು ಇನ್ನೂ ಒಂದು ಬೆರಳು ಮೇಲೆತ್ತಿತು. ಹಳೆಯ ಕೋವಿಯ ಮರದ ಹಿಡಿ ಕೆಳಕ್ಕೆ ಬಾಗಿರುತ್ತದೆ, ಮಣಿ ನೋಡುವುದಕ್ಕೆಂದು. ಸ್ಕೋಪಿನ ಎತ್ತರಕ್ಕೆ ಕಣ್ಣು ತಂದರೆ ಕೆನ್ನೆ ಹಿಡಿಯಿಂದ ಬಿಟ್ಟು ಗಲ್ಲ ಗಾಳಿಯಲ್ಲಿ ನಿಲ್ಲುತ್ತದೆ. ಅತ್ತಿಗೆ ಹಳೆಯ ಕಂಬಳಿ ಮಡಚಿ ದಾರದಲ್ಲಿ ಹೊಲಿದು ಹಿಡಿಗೆ ಒಂದು ತಲೆದಿಂಬು ಮಾಡಿಕೊಟ್ಟರು. ಪೇಟೆಯಲ್ಲಿ ಅದಕ್ಕೂ ಬೇರೆ ಸಾಮಾನು ಸಿಗುತ್ತದಂತೆ. ಸ್ಕೋಪಿಗೆ ದುಡ್ಡು ಕೊಡುವ ಮೊದಲು ಈ ಅಳತೆಯೆಲ್ಲ ಕೇಳಿಕೊಳ್ಳಬೇಕಿತ್ತು, ನಾವು ಕೊಟ್ಟ ಮೇಲೆ ಕೇಳಿದೆವು.

ಗಾಜಿನೊಳಗೆ ನಡುಗೆರೆಯ ಕೆಳಗೆ ಏಣಿಯ ಹಾಗೆ ಸಣ್ಣ ಸಣ್ಣ ಅಡ್ಡಗೆರೆಗಳೂ ಇದ್ದವು. ದೂರ ಹೋದಷ್ಟು ಗುಂಡು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಭಾವನಿಗೆ ಅದನ್ನು ಕಂಡು ಭಾರೀ ಖುಷಿ. ಆದರೆ ಆ ಲೆಕ್ಕ ಸೈನ್ಯದ ವೇಗದ ತೋಟೆಗೆ ಹಾಕಿದ್ದು. .22ರ ನಿಧಾನದ ಗುಂಡಿಗೆ ಅದನ್ನು ನಂಬಿದರೆ ನ್ಯೂಯಾರ್ಕಿನಲ್ಲಿ ಕೂತು ಉಡುಪಿ ಪಂಚಾಂಗದ ಸೂರ್ಯೋದಯ ನೋಡಿದ ಹಾಗೆ. ಐವತ್ತು ಮೀಟರಿಗೆ ನಡುಗೆರೆ ಕೂರಿಸಿ, ಉಳಿದ ಗೆರೆಗಳು ಇಲ್ಲವೆಂದೇ ತಿಳಿಯುವುದು ಒಳ್ಳೆಯದು. ಹೊಳೆ ಬದಿಯ ಬರೆಗೆ ರಟ್ಟು ಊರಿ, ಒಂದು ಮಧ್ಯಾಹ್ನ ಕೂತು ಭಾವ ಅದನ್ನು ಕೂರಿಸಿದರು. ಕೊನೆಯ ಐದು ತೂತುಗಳನ್ನು ಒಂದು ಲಿಂಬೆಹಣ್ಣಿನಲ್ಲಿ ಮುಚ್ಚಬಹುದಿತ್ತು. ಆ ರಟ್ಟನ್ನು ಅವರು ಬಂದವರಿಗೆಲ್ಲ ತೋರಿಸಿದರು, ಮೊಮ್ಮಗಳ ರ‍್ಯಾಂಕಿನ ಹಾಗೆ.

ಆಮೇಲೆ ಸ್ಪರ್ಧೆಯ ಕರಪತ್ರ ಬಂತು. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ದುರ್ಬೀನು ಅಳವಡಿಸಿದ ಕೋವಿಗೆ ಅವಕಾಶವಿಲ್ಲ.

ಭಾವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸ್ಕ್ರೂ ಬಿಚ್ಚಿ ಸ್ಕೋಪನ್ನು ಬೈರಾಸಿನಲ್ಲಿ ಸುತ್ತಿ ನನ್ನ ಕೈಗೆ ಹಾಕಿದರು. “ನೀವೇ ಇಟ್ಟುಕೊಳ್ಳಿ ಭಾವ. ಇಲ್ಲಿ ಇಟ್ಟರೆ ಬೂಷ್ಟು ಹಿಡಿತದೆ.” ಬೂಷ್ಟು ನಮ್ಮಲ್ಲೂ ಕಡಿಮೆಯಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆಯಲ್ಲಿ ಗಾಜಿನ ಒಳಗೂ ಬೇರು ಬಿಡುತ್ತದೆ ಅದು. ಒಳಗೆ ಸಾರಜನಕ ತುಂಬಿ ಮುಚ್ಚಿದ ಸ್ಕೋಪಾದರೆ ಸ್ವಲ್ಪ ಧೈರ್ಯ, ಹೊರಗಿನ ಗಾಜನ್ನು ನಾವೇ ನೋಡಿಕೊಳ್ಳಬೇಕು. ನಾನು ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಾತ್ರೆಯ ಬಾಟ್ಲಿಗಳಿಂದ ಕೂಡಿಹಾಕಿದ ಸಿಲಿಕಾ ಪೊಟ್ಟಣಗಳ ನಡುವೆ ಮಲಗಿಸಿದ್ದೇನೆ.

ಹಾಗಂತ ಅದು ಮಲಗಿಯೇ ಇಲ್ಲ. ನಮ್ಮ ಅಡಿಕೆ ಮರಗಳು ಹದಿನೈದು ಮೀಟರ್ ದಾಟಿದವು. ತುದಿಯ ಗೊನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಕಾಯಿ ಕೆಳಗೆ ಬಿದ್ದ ಮೇಲೆಯೇ. ಮೂರು ಪಟ್ಟಿನಲ್ಲಿ ಆ ಗೊನೆ ಐದು ಮೀಟರಿಗೆ ಇಳಿದು ಬರುತ್ತದೆ. ಬುಡದಲ್ಲಿ ಕುರ್ಚಿ ಹಾಕಿ ಹಿಂದಕ್ಕೆ ಒರಗಿ ನೋಡಿದರೆ ಹಿಂಗಾರದ ಎಸಳು, ಕಾಯಿಯ ತೊಟ್ಟು, ಗೊನೆಯ ಸಂದಿನ ಇರುವೆಯ ಸಾಲು ಎಲ್ಲವೂ ಸ್ಪಷ್ಟ. ನಡುವೆ ಆ ಕಪ್ಪು ಗೆರೆ ಮಾತ್ರ ಬಿಟ್ಟು ಹೋಗುವುದಿಲ್ಲ. “ಹಿಂಗಾರ ನೋಡ್ಲಿಕ್ಕೂ ಗುರಿ ಇಡ್ಬೇಕಾ ನಿಮಗೆ?” ಎಂದು ಹೆಂಡತಿ ಕೇಳುತ್ತಾಳೆ, ಕೇಳಿ ಅವಳೂ ಒಮ್ಮೆ ನೋಡುತ್ತಾಳೆ. ಕೋವಿಯ ಮೇಲೆ ಇರುವಾಗ ಮಾತ್ರ ಹೀಗೆ ಕಂಡದ್ದನ್ನೆಲ್ಲ ನೋಡಲು ಅದನ್ನು ಎತ್ತಬಾರದು, ಸ್ಕೋಪ್ ಹೋದ ಕಡೆಗೇ ನಳಿಗೆಯೂ ಹೋಗುತ್ತದೆ. ಬಿಚ್ಚಿಟ್ಟ ಸ್ಕೋಪಿಗೆ ಆ ಹೆದರಿಕೆಯಿಲ್ಲ, ಲೈಸೆನ್ಸಿನ ಕೋವಿ ಠಾಣೆಗೆ ಹೋದ ದಿನಗಳಲ್ಲೂ ಇದು ಮನೆಯಲ್ಲೇ ಇರುತ್ತದೆ.

ಮೊನ್ನೆ ಆಟಿಯ ಮಳೆ ಎರಡು ದಿನ ಬಿಟ್ಟಾಗ ಹೊಳೆ ಬದಿಯ ಸಾಲು ನೋಡಿದೆ. ನಾಲ್ಕು ಮರದ ಗೊನೆಗಳಲ್ಲಿ ಕಾಯಿಯ ಮೇಲೆ ನೀರು ಕುಡಿದ ಹಾಗೆ ಕಡು ಹಸಿರು ಕಲೆ. ಕೊಳೆರೋಗ. ಕೂಡಲೇ ಭಾವನಿಗೆ ಫೋನ್ ಮಾಡಿ, ಅವರ ದುರ್ಬೀನು ಕೊನೆಗೂ ಗುರಿ ಮುಟ್ಟಿತು ಎಂದು ಹೇಳಿದೆ. ನಾಳೆ ಬೆಳಗ್ಗೆ ಮಳೆ ಬಾರದಿದ್ದರೆ ಎರಡನೇ ಸುತ್ತಿನ ಮದ್ದು ಬಿಡಲು ಜನ ಬರುತ್ತಾರೆ. ಸುಣ್ಣ, ಮೈಲುತುತ್ತು ತಂದಿಟ್ಟಾಗಿದೆ.